ಕ್ರೆಯಾನ್ ಶಿಕ್ಷೆ ಬದಲಿಸಿದ್ದು ಯಾಕೆ?

ಆತ್ಮಸಾಕ್ಷಿ ದೊಡ್ಡದೋ ಕಾನೂನು ದೊಡ್ಡದೋ ಎಂಬ ಮಾತು ಬಂದ ಕಡೆಯೆಲ್ಲ ಹಳೆಯ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ‘ಆಂಟಿಗೊನಿ’ ನಾಟಕದ ಹೆಸರು ಬಂದೇ ಬರುತ್ತದೆ. ಒಂದು ಕಡೆ ದೊರೆ ಕ್ರೆಯಾನ್‌ನ ಕಾನೂನು, ಇನ್ನೊಂದು ಕಡೆ ಹುಡುಗಿ ಆಂಟಿಗೊನಿಯ ಮನಸ್ಸಾಕ್ಷಿ, ಎರಡೂ ಸರಿಸಮ ಅಂತ ಹೇಳುವವರು ಜಾಸ್ತಿ. ವಕೀಲನಾಗಿ ಓದುವಾಗ ನನಗೆ ಹಾಗೆ ಕಾಣುವುದಿಲ್ಲ. ಕೇಸು ಬಂದಾಗ ನಾವು ಮೊದಲು ಕೇಳುವುದು ಆದೇಶದ ಪ್ರತಿಯನ್ನು. ಯಾರು ಹೊರಡಿಸಿದರು, ಯಾರನ್ನು ಕೇಳಿ ಹೊರಡಿಸಿದರು, ಮುರಿದರೆ ಏನು ಶಿಕ್ಷೆ? ಕ್ರೆಯಾನ್‌ನ ಆದೇಶವನ್ನೂ ಹಾಗೇ ನೋಡಬೇಕು.

ನಾಟಕ ಕ್ರಿ.ಪೂ. 441ರ ಸುಮಾರಿನದು. ಆಡಿದ್ದು ಆಥೆನ್ಸಿನಲ್ಲಿ, ಕಥೆ ಥೀಬ್ಸ್ ನಗರದ್ದು. ಅಲ್ಲಿನ ಹಿಂದಿನ ದೊರೆ ಈಡಿಪಸ್‌ನ ಇಬ್ಬರು ಗಂಡುಮಕ್ಕಳು ಗದ್ದುಗೆಗಾಗಿ ಕಾದಾಡಿ ಒಬ್ಬರ ಕೈಯಲ್ಲಿ ಒಬ್ಬರು ಸಾಯುತ್ತಾರೆ. ಊರನ್ನು ಕಾಯುತ್ತಾ ಸತ್ತ ಎಟಿಯೊಕ್ಲಿಸ್‌ಗೆ ಮರ್ಯಾದೆಯ ಸಂಸ್ಕಾರ ಸಿಗುತ್ತದೆ. ಊರಿನ ಮೇಲೆ ಹೊರಗಿನ ಸೈನ್ಯವನ್ನು ಕರೆತಂದ ಪಾಲಿನೈಸೀಸ್‌ನನ್ನು ಯಾರೂ ಹೂಳಬಾರದು, ಅವನಿಗಾಗಿ ಯಾರೂ ಅಳಬಾರದು, ನಾಯಿ ಹದ್ದುಗಳು ತಿನ್ನಲಿ ಎಂದು ಸೋದರಮಾವ ಕ್ರೆಯಾನ್ ಅಪ್ಪಣೆ ಮಾಡುತ್ತಾನೆ. ಅವನೀಗ ಹೊಸ ದೊರೆ. ಒಡಹುಟ್ಟಿದವಳು ಆಂಟಿಗೊನಿ ಆ ಹೆಣಕ್ಕೆ ಮಣ್ಣು ಹಾಕುತ್ತಾಳೆ.

ಕ್ರೆಯಾನ್‌ನನ್ನು ಸುಮ್ನೆ ರಾಕ್ಷಸ ಅಂದುಬಿಡುವುದು ಸುಲಭ. ಆದರೆ ನಾಟಕ ನೋಡಲು ಕೂತ ಆಥೆನ್ಸಿನ ಜನರಿಗೆ ಇಂಥ ನಿಷೇಧ ಹೊಸದಲ್ಲ. ದೇಶದ್ರೋಹಿಯನ್ನು ಅವರ ನೆಲದಲ್ಲಿ ಹೂಳುವಂತಿರಲಿಲ್ಲ. ಪರ್ಶಿಯನ್ನರ ವಿರುದ್ಧ ಆಥೆನ್ಸನ್ನು ಉಳಿಸಿದ ಥೆಮಿಸ್ಟೊಕ್ಲಿಸ್ ಕೂಡ ಆಮೇಲೆ ದ್ರೋಹದ ಆರೋಪ ಹೊತ್ತು ಪರದೇಶದಲ್ಲಿ ಸತ್ತ. ಅವನ ಮೂಳೆಗಳನ್ನು ಬಂಧುಗಳು ಗುಟ್ಟಾಗಿ ಆಥೆನ್ಸಿನ ನೆಲಕ್ಕೆ ತಂದು ಹೂತರಂತೆ, ಅದನ್ನು ಅವರೇ ಹೇಳುತ್ತಿದ್ದರು ಎಂದು ಇತಿಹಾಸಕಾರ ಥ್ಯುಸಿಡಿಡೀಸ್ ಬರೆಯುತ್ತಾನೆ. ಅಂದರೆ ನಿಷೇಧ ಇದ್ದದ್ದು ತಮ್ಮ ನೆಲಕ್ಕೆ ಮಾತ್ರ, ಗಡಿಯಾಚೆ ಹೂಳುವುದಕ್ಕೆ ಅಡ್ಡಿಯಿರಲಿಲ್ಲ. ಕ್ರೆಯಾನ್ ಆ ದಾರಿಯನ್ನೂ ಮುಚ್ಚಿದ. ಹೆಣ ಎಲ್ಲರ ಕಣ್ಣೆದುರೇ ಕೊಳೆಯಬೇಕು ಅಂದ.

ಅದನ್ನು ಯಾರ ಜೊತೆ ಚರ್ಚಿಸಿದ? ಯಾರ ಜೊತೆಗೂ ಇಲ್ಲ. ಊರಿನ ಹಿರಿಯರನ್ನು ಕರೆಸುವ ಹೊತ್ತಿಗೆ ಡಂಗುರ ಸಾರಿ ಆಗಿತ್ತು. ಹಿರಿಯರು ಒಪ್ಪಿದೆವು ಅನ್ನುವುದಿಲ್ಲ. ಸತ್ತವರ ಮೇಲೂ ಬದುಕಿರುವ ನಮ್ಮ ಮೇಲೂ ಯಾವ ನಿಯಮ ಬೇಕಾದರೂ ಹಾಕುವ ಶಕ್ತಿ ನಿನಗಿದೆ ಅನ್ನುತ್ತಾರೆ. ಈ ಆಜ್ಞೆಗೆ ನೀವೇ ಕಾವಲಿರಿ ಅಂದರೆ, ಹರೆಯದವರಿಗೆ ಹೇಳಪ್ಪ ಎಂದು ಜಾರಿಕೊಳ್ಳುತ್ತಾರೆ.

ಸಿಕ್ಕಿಬಿದ್ದ ಆಂಟಿಗೊನಿ ಒಂದನ್ನೂ ಅಲ್ಲಗಳೆಯುವುದಿಲ್ಲ. ಆದೇಶ ಗೊತ್ತಿತ್ತು, ಮಾಡಿದ್ದು ನಾನೇ ಅನ್ನುತ್ತಾಳೆ. ಅವಳ ವಾದ ಅಧಿಕಾರದ್ದು. ದೇವತೆಗಳ ಬರೆಯದ, ಅಳಿಯದ ಕಟ್ಟಳೆಗಳನ್ನು ಮೀರಿಸುವ ಬಲ ಒಬ್ಬ ಮನುಷ್ಯನ ಡಂಗುರಕ್ಕೆ ಇಲ್ಲ ಎನ್ನುವುದು. ಮುಂದೆ ಅರಿಸ್ಟಾಟಲ್ ತನ್ನ ವಾಗ್ಮಿತೆಯ ಗ್ರಂಥದಲ್ಲಿ ಇದನ್ನು ವಾದದ ವರಸೆಯಾಗಿಯೇ ಹೇಳಿಕೊಟ್ಟ. ಬರೆದ ಕಾನೂನು ನಿಮಗೆ ವಿರುದ್ಧವಾಗಿದ್ದರೆ ಬರೆಯದ ಕಾನೂನನ್ನು ಎತ್ತಿ, ಆಂಟಿಗೊನಿಯ ಹಾಗೆ ಅಂತ. ಅವಳು ಅದಕ್ಕೆ ಪ್ರಾಣ ಕೊಟ್ಟಿದ್ದಳು ಎಂಬುದು ಆ ಪಾಠದಲ್ಲಿ ಮರೆಯಾಗಿದ್ದು ನನಗೆ ನೋವಿನ ಸಂಗತಿ.

ಈಗ ಶಿಕ್ಷೆಗೆ ಬರೋಣ. ಹೆಚ್ಚಿನವರು ಗಮನಿಸದೆ ದಾಟುವ ಜಾಗ ಇದು. ಮೊದಲ ಡಂಗುರದಲ್ಲಿದ್ದ ಶಿಕ್ಷೆ ಊರೆದುರು ಕಲ್ಲು ಹೊಡೆದು ಕೊಲ್ಲುವುದು. ನಾಟಕದ ಶುರುವಿನಲ್ಲೇ ಆಂಟಿಗೊನಿ ಇದನ್ನು ತಂಗಿ ಇಸ್ಮೀನಿಗೆ ಹೇಳುತ್ತಾಳೆ. ಆದರೆ ಕೊನೆಗೆ ಕ್ರೆಯಾನ್ ಕೊಡುವ ಶಿಕ್ಷೆ ಬೇರೆ. ಜನ ಓಡಾಡದ ಕಡೆ, ಬಂಡೆಯ ಗವಿಯಲ್ಲಿ ಜೀವಂತ ಮುಚ್ಚುವುದು. ಊರಿಗೆ ಪಾಪ ತಟ್ಟದಿರಲಿ ಅಂತ ಒಂದಿಷ್ಟು ಅನ್ನವನ್ನೂ ಇಡುವುದು. ಯಾಕೆ ಬದಲಾಯಿತು ಅಂತ ಅವನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ನಡುವೆ ಏನಾಯಿತು ನೋಡಿ. ಮಗ ಹೀಮನ್ ಬಂದು ಹೋದ.

ಹೀಮನ್‌ಗೂ ಆಂಟಿಗೊನಿಗೂ ಮದುವೆ ಗೊತ್ತಾಗಿತ್ತು. ಆದರೂ ಅವನು ಮಾತು ಶುರುಮಾಡುವುದು ಪ್ರೀತಿಯಿಂದಲ್ಲ, ಸುದ್ದಿಯಿಂದ. ಅಪ್ಪಾ, ನಿನ್ನ ಮುಖ ಕಂಡರೆ ಜನಕ್ಕೆ ಹೆದರಿಕೆ, ಕತ್ತಲಲ್ಲಿ ಅವರು ಆಡುವುದು ನನ್ನ ಕಿವಿಗೆ ಬೀಳುತ್ತದೆ, ಊರೇ ಅವಳಿಗಾಗಿ ಮರುಗುತ್ತಿದೆ ಅನ್ನುತ್ತಾನೆ. ನಾನು ಹೇಗೆ ಆಳಬೇಕೆಂದು ಊರು ಹೇಳಬೇಕೇ ಎಂದು ಅಪ್ಪ ಸಿಡಿಯುತ್ತಾನೆ. ಒಬ್ಬನ ಸೊತ್ತಾದ ಊರು ಊರೇ ಅಲ್ಲ ಎಂದು ಮಗ ತಿರುಗಿ ಹೇಳುತ್ತಾನೆ. ಜನರಿಲ್ಲದ ನಾಡನ್ನು ನೀನೊಬ್ಬನೇ ಚೆನ್ನಾಗಿ ಆಳಬಹುದು ಅಂತಲೂ ಅನ್ನುತ್ತಾನೆ.

ಕಲ್ಲು ಹೊಡೆಯಲು ಊರಿನ ಕೈಗಳು ಬೇಕು. ಊರು ಮರುಗುತ್ತಿದ್ದರೆ ಕಲ್ಲು ಎತ್ತುವವರು ಯಾರು? ಹಾಗಾಗಿ ಯಾರ ಕೈಯೂ ಬೇಡದ, ಯಾರ ಕಣ್ಣಿಗೂ ಬೀಳದ ಶಿಕ್ಷೆ ಬಂತು ಅನ್ನುವುದು ನನ್ನ ಓದು. ತನ್ನ ಜನರಿಂದಲೇ ಜಾರಿ ಮಾಡಿಸಲಾಗದ ಆದೇಶವನ್ನು ರಾಜ್ಯದ ಕಾನೂನು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆಂಟಿಗೊನಿ ಎದುರಿಸಿದ್ದು ಒಬ್ಬ ಮನುಷ್ಯನ ಹಠವನ್ನು. ಇದು ನನ್ನ ಖಚಿತ ಅಭಿಪ್ರಾಯ.

ಆದರೆ ಹೀಮನ್ ತಂದ ಸುದ್ದಿ ಅವಳ ಕಿವಿಗೆ ಬೀಳಲೇ ಇಲ್ಲ. ಈ ಹಿರಿಯರ ಬಾಯಿಗೆ ಭಯ ಬೀಗ ಹಾಕಿದೆ, ಇಲ್ಲದಿದ್ದರೆ ಎಲ್ಲರೂ ನನ್ನನ್ನು ಮೆಚ್ಚುತ್ತಿದ್ದರು ಎಂದು ಮೊದಲು ಅಂದಿದ್ದವಳು, ಗವಿಗೆ ಹೊರಟಾಗ ಊರಿನವರನ್ನು ಧಿಕ್ಕರಿಸಿ ಮಾಡಿದೆ ಅನ್ನುತ್ತಾಳೆ. ಗಂಡನಿಗಾಗಿಯೋ ಮಗುವಿಗಾಗಿಯೋ ಆಗಿದ್ದರೆ ಮಾಡುತ್ತಿರಲಿಲ್ಲ, ಅಪ್ಪ ಅಮ್ಮ ಇಲ್ಲದ ಮೇಲೆ ಇನ್ನೊಬ್ಬ ಒಡಹುಟ್ಟಿದವನು ಸಿಗುವುದಿಲ್ಲ ಅಂತಲೂ ಹೇಳುತ್ತಾಳೆ. ಈ ಸಾಲುಗಳು ಅವಳ ಮೊದಲಿನ ವಾದಕ್ಕೆ ಹೊಂದುವುದಿಲ್ಲ. ಜರ್ಮನ್ ಕವಿ ಗಯಟೆ ಇವು ಸೊಫೊಕ್ಲಿಸ್‌ನವಲ್ಲ ಎಂದು ಯಾರಾದರೂ ತೋರಿಸಿಕೊಡಲಿ ಅಂತ ಆಸೆಪಟ್ಟಿದ್ದ. ನನಗೆ ಅವು ಇರಲಿ ಅನ್ನಿಸುತ್ತದೆ. ಸಾವಿನ ಮುಂದೆ ನಿಂತವರು ಒಂದೇ ನೇರಕ್ಕೆ ವಾದ ಮಾಡುವುದು ಕಷ್ಟ ಅಲ್ವಾ?

ಕುರುಡ ಕಾಲಜ್ಞಾನಿ ಟೈರೀಸಿಯಸ್ ಬಂದು ಎಚ್ಚರಿಸಿದ ಮೇಲೆ ಕ್ರೆಯಾನ್ ಮಣಿಯುತ್ತಾನೆ. ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಹೆಣಕ್ಕೆ ಗೋರಿ ಕಟ್ಟು ಎಂದು ಹಿರಿಯರು ಹೇಳುತ್ತಾರೆ. ಅವನು ಮೊದಲು ಹೆಣದ ಬಳಿ ಹೋಗಿ, ತೊಳೆದು, ಸುಟ್ಟು, ಮಣ್ಣಿನ ದಿಬ್ಬ ಎಬ್ಬಿಸಿ, ನಂತರ ಗವಿಗೆ ಬರುತ್ತಾನೆ. ಅಷ್ಟರಲ್ಲಿ ಅವಳು ನೇಣು ಹಾಕಿಕೊಂಡಿದ್ದಳು. ಹೀಮನ್ ಅಲ್ಲೇ ಕತ್ತಿಯಿಂದ ಇರಿದುಕೊಂಡು ಸಾಯುತ್ತಾನೆ. ಸುದ್ದಿ ಕೇಳಿ ಅವನ ತಾಯಿಯೂ ಪ್ರಾಣ ಬಿಡುತ್ತಾಳೆ. ಬಂಧನದಲ್ಲಿರುವ ಜೀವದ ಅರ್ಜಿಯನ್ನು ನಮ್ಮ ಕೋರ್ಟುಗಳಲ್ಲಿ ಉಳಿದದ್ದಕ್ಕಿಂತ ಮೊದಲು ಕೈಗೆತ್ತಿಕೊಳ್ಳುವುದು ಇಂಥ ತಡ ಆಗಬಾರದು ಅಂತಲೇ.