ಹಾರದ ಬಲೂನು, ಉಳಿದ ಹೆಸರು

ಆರ್ಕ್ಟಿಕ್‌ನಲ್ಲಿ ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ವಾಯುವ್ಯ ಮೂಲೆಯಲ್ಲಿ ಡೇನ್ಸ್ ಎಂಬ ದ್ವೀಪವಿದೆ. ಅದರ ಉತ್ತರ ದಡದ ಪುಟ್ಟ ಕೊಲ್ಲಿಯೇ ವಿರ್ಗೋಹಾಮ್ನಾ. ಹಿಂದೆ ಬೆಟ್ಟ, ಎದುರಿಗೆ ಕಿರಿದಾದ ಜಲಸಂಧಿ, ಅದರಾಚೆ ಆಂಸ್ಟರ್‌ಡಾಂ ದ್ವೀಪ. ಇಲ್ಲಿಂದ ಉತ್ತರ ಧ್ರುವಕ್ಕೆ ಸುಮಾರು 1,140 ಕಿ.ಮೀ.

ಇಷ್ಟು ಉತ್ತರದಲ್ಲಿ ಸಮುದ್ರ ಹೆಪ್ಪುಗಟ್ಟಿರಬೇಕು ಅಲ್ವಾ? ಇದೇ ಅಕ್ಷಾಂಶದ ಗ್ರೀನ್‌ಲ್ಯಾಂಡ್ ಪೂರ್ವ ದಡದಲ್ಲಿ ಹಾಗೇ ಆಗುತ್ತದೆ. ಅಲ್ಲಿ ಧ್ರುವದ ಕಡೆಯಿಂದ ಬರುವ ಪ್ರವಾಹ ಮಂಜುಗಡ್ಡೆಯನ್ನು ಹೊತ್ತು ತರುತ್ತದೆ. ಸ್ವಾಲ್‌ಬಾರ್ಡ್‌ನ ಪಶ್ಚಿಮ ದಡದಲ್ಲಿ ಮಾತ್ರ ಅಟ್ಲಾಂಟಿಕ್‌ನ ಬೆಚ್ಚಗಿನ ನೀರು ಉತ್ತರಕ್ಕೆ ಹರಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಹಡಗುಗಳು ಇಲ್ಲಿಯವರೆಗೂ ಬರಬಹುದು. (ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರವೂ ಇದೇ ಪಶ್ಚಿಮ ದಡದಲ್ಲಿ, ಸ್ವಲ್ಪ ದಕ್ಷಿಣಕ್ಕಿದೆ.)

ಮೊದಲು ಬಂದು ನೆಲೆ ಹೂಡಿದವರು 17ನೇ ಶತಮಾನದ ಡಚ್ ತಿಮಿಂಗಿಲ ಬೇಟೆಗಾರರು. ದಡದಲ್ಲೇ ಒಲೆ ಕಟ್ಟಿ ಕೊಬ್ಬು ಕಾಯಿಸಿ ಎಣ್ಣೆ ತೆಗೆದರು. ಚೆಲ್ಲಿದ ಎಣ್ಣೆ ಮರಳು, ಜಲ್ಲಿಯ ಜೊತೆ ಸೇರಿ ಕಲ್ಲಿನಂತೆ ಗಟ್ಟಿಯಾಯಿತು. ಒಲೆಗಳು ಬಿದ್ದುಹೋದರೂ ಆ ಗಟ್ಟಿ ಪದರ ಇನ್ನೂ ಇದೆ.

ಈಗಿನ ಹೆಸರಿನ ಕಥೆ ಶುರುವಾಗುವುದು 1896ರಲ್ಲಿ. ಸ್ವೀಡನ್ನಿನ ಎಂಜಿನಿಯರ್ ಎಸ್. ಎ. ಆಂದ್ರೆಗೆ ಬಲೂನಿನಲ್ಲಿ ಧ್ರುವದ ಮೇಲೆ ಹಾರುವ ಆಸೆ. ದುಡ್ಡು ಕೊಟ್ಟವರಲ್ಲಿ ಆಲ್‌ಫ್ರೆಡ್ ನೊಬೆಲ್ ಮತ್ತು ರಾಜ ಎರಡನೇ ಆಸ್ಕರ್ ಇದ್ದರು. ವಿರ್ಗೋ ಎಂಬ ಹಡಗು ಜನರನ್ನೂ ಸಾಮಾನನ್ನೂ ಹೊತ್ತು ಇಲ್ಲಿಗೆ ಬಂತು. ಬಲೂನಿಗೆ ಮರದ ಮನೆ ಕಟ್ಟಿದರು. ಕಬ್ಬಿಣದ ಚೂರಿಗೆ ಸಲ್ಫ್ಯೂರಿಕ್ ಆಮ್ಲ ಸುರಿದು ದಡದಲ್ಲೇ ಜಲಜನಕ ತಯಾರಿಸಿದರು. ಇನ್ನು ಬೇಕಿದ್ದದ್ದು ದಕ್ಷಿಣದಿಂದ ಬೀಸುವ ಗಾಳಿ ಒಂದೇ. ಅದು ಬರಲೇ ಇಲ್ಲ. ಆಗಸ್ಟ್‌ನಲ್ಲಿ, ಮೂರು ವರ್ಷ ಮಂಜಿನಲ್ಲಿ ತೇಲಿದ್ದ, ನಾರ್ವೆಯ ಅನ್ವೇಷಕ ನಾನ್ಸೆನ್‌ರ ಫ್ರಾಮ್ ಹಡಗು ಇದೇ ಕೊಲ್ಲಿಗೆ ಬಂತು. ಅದರಲ್ಲಿ ನಾನ್ಸೆನ್ ಇರಲಿಲ್ಲ. ಧ್ರುವ ಮುಟ್ಟಲೆಂದು ಅವರು ಮೊದಲೇ ಹಡಗು ಬಿಟ್ಟು ಮಂಜಿನ ಮೇಲೆ ಹೊರಟಿದ್ದರು. ಸುಮ್ನೆ ಕಾಯುತ್ತಾ ಕುಳಿತವರ ಎದುರಿಗೆ ಮಂಜನ್ನು ಗೆದ್ದು ಬಂದವರು! ಆಂದ್ರೆಗೆ ಹೇಗನಿಸಿರಬೇಡ. ಕೊನೆಗೆ ಹಾರದೆಯೇ ವಾಪಸಾದರು.

ಮರುವರ್ಷ, 1897ರ ಜುಲೈ 11ರಂದು, ಆಂದ್ರೆ, ಸ್ಟ್ರಿಂಡ್‌ಬರ್ಗ್, ಫ್ರೆಂಕೆಲ್ ಹಾರಿದರು. ದಿಕ್ಕು ತಿರುಗಿಸಲು ಬೇಕಾದ, ಬಲೂನಿನಿಂದ ಕೆಳಗೆ ಎಳೆದಾಡುವ ಎಳೆಹಗ್ಗಗಳ ದೊಡ್ಡ ಭಾಗ ಹೊರಡುವಾಗಲೇ ಕಳಚಿ ಉಳಿಯಿತು. ಮೂರು ದಿನ ತುಂಬುವ ಮೊದಲೇ ಬಲೂನು ಮಂಜಿನ ಮೇಲೆ ಇಳಿಯಿತು. ಮೂವರ ಅವಶೇಷ ಸಿಕ್ಕಿದ್ದು 1930ರಲ್ಲಿ, ಪೂರ್ವದ ಕ್ವಿಟೋಯಾ ದ್ವೀಪದಲ್ಲಿ.

ಇಷ್ಟೆಲ್ಲ ಆದಮೇಲೂ ಕೊಲ್ಲಿಗೆ ಅಂಟಿದ್ದು ವಿರ್ಗೋ ಹಡಗಿನ ಹೆಸರು (ಹಾಮ್ನಾ ಅಂದರೆ ಬಂದರು). ರಾಜನಿಗೆ ಸ್ವಾಲ್‌ಬಾರ್ಡ್‌ನಲ್ಲೇ ಬೇರೆಡೆ ದೊಡ್ಡ ಭೂಭಾಗದ ಹೆಸರು ಸಿಕ್ಕಿದೆ. ಬಂದರು ಹಡಗಿಗೆ ಸಿಕ್ಕಿದ್ದೇ ನ್ಯಾಯ ಅಂತ ನನಗನಿಸುತ್ತದೆ.

1906ರಿಂದ ಅಮೆರಿಕದ ವಾಲ್ಟರ್ ವೆಲ್‌ಮನ್ ಇಲ್ಲಿಂದಲೇ ವಾಯುನೌಕೆಯಲ್ಲಿ ಪ್ರಯತ್ನಿಸಿದರು. ಅವರೂ ಧ್ರುವ ಮುಟ್ಟಲಿಲ್ಲ, ಜೀವಂತ ಮರಳಿದರು ಅಷ್ಟೇ. ಮೂರು ಕಾಲದ ಅವಶೇಷಗಳೂ ಈಗ ಒಂದೇ ದಡದಲ್ಲಿ ಬೆರೆತಿವೆ. ಸ್ವಾಲ್‌ಬಾರ್ಡ್‌ನಲ್ಲಿ 1946ಕ್ಕಿಂತ ಮೊದಲಿನ ಮನುಷ್ಯರ ಕುರುಹುಗಳಿಗೆಲ್ಲ ಕಾನೂನಿನ ರಕ್ಷಣೆಯಿದೆ. ತುಕ್ಕು ಹಿಡಿದ ಕಬ್ಬಿಣದ ಚೂರನ್ನೂ ಎತ್ತುವಂತಿಲ್ಲ. ಇಲ್ಲಂತೂ ಗವರ್ನರ್ ಕಚೇರಿಯ ಅನುಮತಿ ಇಲ್ಲದೆ ದಡಕ್ಕೆ ಇಳಿಯುವಂತೆಯೇ ಇಲ್ಲ.