ಡಿಸ್ಚಾರ್ಜ್ ಆದ ಸಂಜೆ ಅವಳು ಹೋಗುವುದೆಲ್ಲಿಗೆ?

ಹೆರಾಯಿನ್ ಚುಚ್ಚಿಕೊಳ್ಳುವುದನ್ನು ಬಿಟ್ಟಿದ್ದ ಲೈಂಗಿಕ ಕಾರ್ಯಕರ್ತೆಯೊಬ್ಬಳು ಮತ್ತೆ ಸೂಜಿ ಹಿಡಿದಳೆಂದು ಗೊತ್ತಾದರೆ ವಾರ್ಡಿನಲ್ಲಿ ಮೊದಲು ಕೇಳಿಬರುವ ಮಾತು, ‘ಅವಳಿಗೆ ಬಿಡುವ ಮನಸ್ಸೇ ಇರಲಿಲ್ಲ ಬಿಡಿ’. ಇದನ್ನು ನಾನು ಒಪ್ಪುವುದಿಲ್ಲ. ಮನಸ್ಸಿಲ್ಲದವಳು ಆ ಮೊದಲ ವಾರವನ್ನು ದಾಟುತ್ತಲೇ ಇರಲಿಲ್ಲ.

ಕೊನೆಯ ಡೋಸ್ ಆಗಿ 8ರಿಂದ 24 ಗಂಟೆಯೊಳಗೆ ಮೂಗು ಸೋರಲು ಶುರುವಾಗುತ್ತದೆ. ಆಕಳಿಕೆ ನಿಲ್ಲುವುದಿಲ್ಲ, ಮೈಯೆಲ್ಲ ಮುಳ್ಳೇಳುತ್ತದೆ, ಹೊಟ್ಟೆ ಕಿವುಚಿ ಭೇದಿಯಾಗುತ್ತದೆ. ಎರಡು, ಮೂರನೇ ದಿನ ಉಲ್ಬಣ. ವಾರ, ಹತ್ತು ದಿನಕ್ಕೆ ಇಳಿಮುಖ. ಔಷಧಿಗಳಿರುವಾಗ ಇದನ್ನು ದಾಟಿಸುವುದು ನಮಗೆ ಅಷ್ಟು ಕಷ್ಟವಲ್ಲ. ಕಷ್ಟವಿರುವುದು ಡಿಸ್ಚಾರ್ಜ್ ಚೀಟಿ ಅವಳ ಕೈಗೆ ಬಂದ ಸಂಜೆ.

ಬಾಡಿಗೆ ಕಟ್ಟಬೇಕು, ಮಕ್ಕಳಿದ್ದರೆ ಅವರ ಹೊಟ್ಟೆ ನೋಡಬೇಕು. ಹಾಗಾಗಿ ಅದೇ ಬೀದಿ, ಅದೇ ಕೋಣೆ. ಎಷ್ಟೋ ಸಲ ಜೊತೆಗಾರನೂ ಚುಚ್ಚಿಕೊಳ್ಳುವವನೇ. ಮಾಲು ತರುವವನೂ ಅವಳ ತೋಳಿಗೆ ಸೂಜಿ ಹಾಕುವವನೂ ಅವನೇ. ತನ್ನದು ಮುಗಿದ ಮೇಲೆ ಅದೇ ಸಿರಿಂಜ್ ಅವಳಿಗೆ. ಎಚ್‌ಐವಿ, ಹೆಪಟೈಟಿಸ್ ಸಿ ಬರುವ ದಾರಿ ಅದು. ಪೊಲೀಸರು ಹಿಡಿದಾರೆಂದು ಹೊಸ ಸಿರಿಂಜ್ ಇಟ್ಟುಕೊಂಡು ಓಡಾಡಲು ಅವಳಿಗೆ ಭಯ. ಜೊತೆಗೇ ಡ್ರಗ್ಸ್ ತಗೊಂಡರೆ ಹೆಚ್ಚು ದುಡ್ಡು ಕೊಡುತ್ತೇನೆನ್ನುವ ಗಿರಾಕಿಗಳೂ ಇದ್ದಾರೆ. ಎಲ್ಲಕ್ಕಿಂತ ಮಿಗಿಲಾಗಿ, ಮೊದಲು ಮಂಪರಿನಲ್ಲಿ ಕಳೆದುಹೋಗುತ್ತಿದ್ದ ರಾತ್ರಿಯನ್ನು ಈಗ ಪೂರ್ತಿ ಎಚ್ಚರದಲ್ಲಿ ಕಳೆಯಬೇಕು. ಹೊಡೆಯುವವನ ಮುಖ ಈಗ ಸ್ಪಷ್ಟವಾಗಿ ಕಾಣುತ್ತದೆ.

ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರನ್ನು 1970ರ ದಶಕದಲ್ಲಿ ಸಂಶೋಧಕಿ ಲೀ ರಾಬಿನ್ಸ್ ಅಧ್ಯಯನ ಮಾಡಿದ್ದರು. ಅಲ್ಲಿ ಹೆರಾಯಿನ್ನಿಗೆ ದಾಸರಾಗಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ಸುಮಾರು ಶೇ 5 ಮಾತ್ರ. ಅವರು ಚಟ ಹತ್ತಿದ ಜಾಗವನ್ನೇ ಬಿಟ್ಟು ಬಂದಿದ್ದರು. ನಾವು ಗುಣಪಡಿಸಿ ಕಳಿಸುವ ಹೆಣ್ಣುಮಗಳು ವಾಪಸ್ ಹೋಗುವುದೇ ಆ ಜಾಗಕ್ಕೆ.

ಜಾಗ ಬದಲಿಸಲಾಗದವಳನ್ನು ಹಿಡಿದು ನಿಲ್ಲಿಸುವ ಔಷಧಿಗಳಿವೆ: ಮೆಥಡೋನ್, ಬ್ಯೂಪ್ರೆನಾರ್ಫಿನ್. ಹೆರಾಯಿನ್ನಿನ ಬದಲು ನಿಯಮಿತವಾಗಿ ಕೊಡುವ ಇವು ಬಿಟ್ಟಾಗಿನ ನರಳಾಟವನ್ನೂ ಬಯಕೆಯನ್ನೂ ತಡೆಯುತ್ತವೆ. ಮೆಥಡೋನ್ ಚಿಕಿತ್ಸೆಯ ಫಲವನ್ನು ಅಮೆರಿಕದ ವೈದ್ಯರಾದ ಡೋಲ್ ಮತ್ತು ನೈಸ್ವಾಂಡರ್ 1965ರಲ್ಲೇ ಪ್ರಕಟಿಸಿದರು. ಮೆಥಡೋನ್, ಬ್ಯೂಪ್ರೆನಾರ್ಫಿನ್ ಎರಡೂ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಆದರೆ ಡೋಸ್ ಕೊಡುವ ಕೇಂದ್ರ ಬೆಳಿಗ್ಗೆ ತೆರೆದು ಮಧ್ಯಾಹ್ನಕ್ಕೆ ಮುಚ್ಚಿದರೆ ಏನು ಪ್ರಯೋಜನ? ಅವಳು ಮಲಗುವುದೇ ಬೆಳಗಿನ ಜಾವ. ನಾಲ್ಕೈದು ದಿನ ತಪ್ಪಿಸಿಕೊಂಡರೆ ಸುರಕ್ಷತೆಗಾಗಿ ಡೋಸ್ ಇಳಿಸಲೇಬೇಕಾಗುತ್ತದೆ. ಇಳಿಸಿದರೆ ಅದು ಸಾಲದೆ ಮೈಕೈ ನೋವು ಮರುಕಳಿಸುತ್ತದೆ, ಅವಳು ಬೀದಿಯ ಮಾಲಿಗೆ ಕೈ ಚಾಚುತ್ತಾಳೆ. ಸಂಜೆ ಎರಡು ಗಂಟೆ ಹೊತ್ತು ಡೋಸ್ ಕೊಡುವ ಕಿಟಕಿ ತೆರೆದಿಡುವುದು ಎಷ್ಟೋ ಉಪದೇಶಕ್ಕಿಂತ ಮೇಲು ಎಂದು ನಾನು ನಂಬಿದ್ದೇನೆ.

ಗರ್ಭಿಣಿಯೆಂದು ತಿಳಿದ ತಕ್ಷಣ ಬಿಡಲು ಹೊರಡುವವರೂ ಉಂಟು. ಅವರಿಗೆ ನಾನು ಒತ್ತಿ ಹೇಳುತ್ತೇನೆ, ಒಮ್ಮೆಲೇ ನಿಲ್ಲಿಸಬೇಡಿ, ಇದೇ ಔಷಧಿಗಳ ಮೇಲೆ ಬನ್ನಿ. ಮಗುವನ್ನು ಕಿತ್ತುಕೊಳ್ಳುತ್ತಾರೆಂಬ ಭಯಕ್ಕೆ ಅನೇಕರು ಆಸ್ಪತ್ರೆಯ ಮೆಟ್ಟಿಲೇ ಹತ್ತುವುದಿಲ್ಲ.

ಇನ್ನು ಜೀವಕ್ಕೇ ಸಂಚಕಾರ ತರುವ ವಿಷಯ. ಕೆಲವು ವಾರ ಬಿಟ್ಟಿದ್ದ ದೇಹಕ್ಕೆ ಹಳೆಯ ಡೋಸ್ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಮೊದಲು ಅಭ್ಯಾಸವಾಗಿದ್ದ ಅಳತೆಯೇ ಈಗ ಉಸಿರು ನಿಲ್ಲಿಸಬಲ್ಲದು. ಜೈಲಿನಿಂದಲೋ ವ್ಯಸನಮುಕ್ತಿ ಕೇಂದ್ರದಿಂದಲೋ ಹೊರಬಂದ ಮೊದಲ ವಾರಗಳಲ್ಲಿ ಸಾವಿನ ಅಪಾಯ ಹೆಚ್ಚುವುದು ಇದರಿಂದಲೇ. ‘ಮತ್ತೆ ತಗೋಬೇಡ’ ಎಂದಷ್ಟೇ ಹೇಳಿ ಕಳಿಸುವುದು ನನ್ನ ದೃಷ್ಟಿಯಲ್ಲಿ ಕರ್ತವ್ಯಲೋಪ. ತಗೊಳ್ಳುವ ಹಾಗಾದರೆ ಒಬ್ಬಳೇ ಇರಬಾರದು, ತೀರಾ ಕಡಿಮೆಯಿಂದ ಶುರುಮಾಡಬೇಕು, ಸಿರಿಂಜ್ ಹೊಸದಿರಬೇಕು ಎಂಬುದನ್ನೂ ಹೇಳಿಯೇ ಕಳಿಸಬೇಕು. ಹೆರಾಯಿನ್ನಿನ ಪರಿಣಾಮ ತಡೆದು ಉಸಿರು ಮರಳಿಸುವ ಔಷಧಿ ನಲೋಕ್ಸೋನ್ ಕೊಡಬೇಕಾದ್ದು ಅವಳ ಕೈಗಷ್ಟೇ ಅಲ್ಲ, ಜೊತೆಯಲ್ಲಿ ನಿಲ್ಲುವ ಗೆಳತಿಯರ ಕೈಗೂ; ಪ್ರಜ್ಞೆ ತಪ್ಪಿದವಳು ತನಗೆ ತಾನೇ ಕೊಟ್ಟುಕೊಳ್ಳಲಾರಳು. ತುಟಿ ನೀಲಿಯಾಗಿ ಗೊರಕೆಯಂಥ ಸದ್ದು ಬಂದರೆ ನಿದ್ದೆಯೆಂದು ಬಿಡಬಾರದು. ನಲೋಕ್ಸೋನ್ ಕೊಟ್ಟು ಆಂಬುಲೆನ್ಸ್ ಕರೆಯಬೇಕು. ಅದರ ಪರಿಣಾಮ 30ರಿಂದ 90 ನಿಮಿಷ ಅಷ್ಟೇ, ಎದ್ದು ಕೂತವಳು ಮತ್ತೆ ಮುಳುಗಬಹುದು. ಬಿಟ್ಟು ಹೋಗಬಾರದು.

ಮರಳಿ ಬಂದವಳನ್ನು ಹೊಸ ಹೆಸರು ನೋಂದಣಿ, ಮುಂದಿನ ವಾರದ ಸರದಿ ಎಂದು ಸುತ್ತಿಸದೆ ಅವತ್ತೇ ನೋಡಿ, ಅವತ್ತೇ ಔಷಧಿ ಶುರುಮಾಡಬೇಕು. ಜೊತೆಗೆ ನಾನು ಕೇಳುವುದು ಒಂದೇ: ‘ಇವತ್ತು ರಾತ್ರಿ ಎಲ್ಲಿ ಮಲಗ್ತೀರಮ್ಮ?’ ಉತ್ತರ ಅದೇ ಕೋಣೆಯಾದರೆ, ಸಮಾಜ ಕಾರ್ಯಕರ್ತೆಯನ್ನು ಕರೆದು ಬೇರೆ ಆಸರೆ ಸಿಗುತ್ತದೆಯೇ ಎಂದು ನೋಡಿದ ನಂತರವೇ ಚೀಟಿ ಬರೆಯುತ್ತೇನೆ.