ಕಂತಿಗೆ ದುಡ್ಡಿಲ್ಲದಿದ್ದರೂ ಮೀಟಿಂಗ್ ತಪ್ಪಿಸಬೇಡಿ

ಕೋಲಾರದಲ್ಲಿ ಸಾಲದ ಕಾಟ ಅಂತ ನನ್ನಂಥ ವಕೀಲರ ಹತ್ತಿರ ಬರುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಟೊಮೇಟೊ ರೇಟು ಬಿದ್ದ ತಿಂಗಳಲ್ಲಿ ಇನ್ನೂ ಜಾಸ್ತಿ. "ಬೆಳಿಗ್ಗೆ ಆರಕ್ಕೇ ಬಂದು ಬಾಗಿಲಲ್ಲಿ ಕುಂತವ್ರೆ ಸಾರ್" ಅನ್ನುತ್ತಾರೆ. ಯಾವ ಕಂಪನಿಯವರಮ್ಮ ಅಂದರೆ, "ಬುಧವಾರದ ಸಂಘದವರು." ಗುರುವಾರದ್ದು ಬೇರೆ, ಶನಿವಾರದ್ದು ಬೇರೆ. ಸಾಲ ಕೊಟ್ಟವರು ಯಾರು ಅನ್ನುವುದು ತಿಳಿಯದೆ ಯಾವ ಕಾನೂನು ಹಿಡಿಯಬೇಕು ಅನ್ನುವುದೂ ತಿಳಿಯದು. ಹಾಗಾಗಿ ಮೊದಲು ಸಾಲದ ಕಾರ್ಡಿನ ಮೇಲಿರುವ ಹೆಸರು ಓದಿಸಿಕೊಳ್ಳಿ. ಬಂದವರ ಗುರುತಿನ ಚೀಟಿ ಕೇಳಿ. ತೋರಿಸದಿದ್ದರೆ ಅವರ ಕೈಗೆ ದುಡ್ಡು ಕೊಡಬೇಡಿ.

ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕು, ಫೈನಾನ್ಸ್ ಕಂಪನಿಗಳ ಮೈಕ್ರೋಫೈನಾನ್ಸ್ ಸಾಲಕ್ಕೆ 2022ರ ಏಪ್ರಿಲ್‌ನಿಂದ ಪ್ರತ್ಯೇಕ ನಿಯಮಗಳಿವೆ. ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೆಲ್ಲ ಇದರಡಿ ಬರುತ್ತದೆ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ನೆಂಟರನ್ನು ಪೀಡಿಸುವುದು, ಸಾಲಗಾರರ ಹೆಸರನ್ನು ಬಹಿರಂಗವಾಗಿ ಸಾರುವುದು ಎಲ್ಲಕ್ಕೂ ತಡೆಯಿದೆ.

ಇದರಲ್ಲಿ ನಮ್ಮೂರುಗಳಿಗೆ ಬಹಳ ಬೇಕಾದ ನಿಯಮವೊಂದಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಕಂತು ಕಟ್ಟುವ ಜಾಗವನ್ನು, ಅಂದರೆ ಸಂಘದ ಮೀಟಿಂಗ್ ಎಲ್ಲಿ ಅನ್ನುವುದನ್ನು, ಎರಡೂ ಕಡೆಯವರು ಒಪ್ಪಿ ಗೊತ್ತುಮಾಡಿರಬೇಕು. ನೀವು ಸತತ ಎರಡು ಸಲವಾದರೂ ಅಲ್ಲಿಗೆ ಹೋಗದಿದ್ದರೆ ಮಾತ್ರ ಅವರು ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ನಮ್ಮವರು ಮಾಡುವುದು ತದ್ವಿರುದ್ಧ. ದುಡ್ಡಿಲ್ಲದ ವಾರ ಮುಖ ತೋರಿಸಲು ನಾಚಿ ತವರಿಗೋ ಹೊಲಕ್ಕೋ ಹೋಗಿಬಿಡುತ್ತಾರೆ. ಮನೆಗೆ ಬರುವ ಹಕ್ಕನ್ನು ತಾವೇ ಕೊಟ್ಟಂತಾಗುತ್ತದೆ. ಬರಿಗೈಯಲ್ಲಾದರೂ ಹೋಗಿ, "ಈ ವಾರ ಇಲ್ಲ, ಇಷ್ಟು ದಿನ ಬೇಕು" ಅಂತ ಬರೆದ ಚೀಟಿ ಕೊಟ್ಟು ಅದರ ಫೋಟೊ ಇಟ್ಟುಕೊಳ್ಳಿ. ಗುಂಪಿನ ಅಕ್ಕಪಕ್ಕದ ಹೆಂಗಸರು ನಾಲ್ಕು ಮಾತಾಡಬಹುದು. ನಿಜ ಹೇಳಬೇಕೆಂದರೆ ಕಲೆಕ್ಷನ್ ಹುಡುಗನಿಗಿಂತ ಆ ಮಾತೇ ಹೆಚ್ಚು ನೋಯಿಸುತ್ತದೆ, ಅದಕ್ಕೆ ನನ್ನ ಹತ್ತಿರ ಸೆಕ್ಷನ್ ಇಲ್ಲ.

ಇನ್ನೊಂದು ನಿಯಮ: ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದು. ಮೂರು ಸಾಲವಿದ್ದವರಿಗೆ ನಾಲ್ಕನೆಯದನ್ನು ಕಣ್ಣುಮುಚ್ಚಿ ಕೊಟ್ಟ ಕಂಪನಿಗೂ ತಪ್ಪಿನಲ್ಲಿ ಪಾಲಿದೆ. ಸಾಲ ಅದರಿಂದ ಕರಗುವುದಿಲ್ಲ, ಆದರೆ ದೂರಿನಲ್ಲಿ ಈ ಮಾತು ಖಂಡಿತ ಇರಲಿ. ದೂರು ಮೊದಲು ಕಂಪನಿಗೇ ಹೋಗಬೇಕು, ಬರಹದಲ್ಲಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ವಿಚಾರಿಸುವ ಅಧಿಕಾರಿಗೆ. ಶುಲ್ಕವಿಲ್ಲ, ವಿಚಾರಿಸಲು 14448.

ಮೀಟರ್ ಬಡ್ಡಿಯವರ ಕಥೆಯೇ ಬೇರೆ. 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದ ರಾಜ್ಯದ ಕಾನೂನಿನ ಪ್ರಕಾರ ಇಂಥವರು ಜಿಲ್ಲಾಧಿಕಾರಿಯ ಹತ್ತಿರ ನೋಂದಾಯಿಸಿಕೊಳ್ಳಬೇಕು. ಪರವಾನಗಿ, ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದಂತೆಯೇ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪೊಲೀಸರು ದೂರು ತೆಗೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ. ಇದು ಬಂದಾಗ "ಸಂಘದ ಸಾಲ ಎಲ್ಲಾ ಮನ್ನಾ" ಅಂತ ಹಳ್ಳಿಗಳಲ್ಲಿ ಸುದ್ದಿ ಹಬ್ಬಿತು. ಸುಳ್ಳು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದವರನ್ನು ಆ ಕಾನೂನು ಹೊರಗಿಟ್ಟಿದೆ. ಆ ಸುದ್ದಿಯನ್ನು ನಂಬಿ ಕಂತು ನಿಲ್ಲಿಸಿದವರಿಗೆ ಬಾಕಿಯೂ ಬೆಳೆಯುತ್ತದೆ, ಮುಂದೆ ಸಾಲ ಹುಟ್ಟುವುದೂ ಕಷ್ಟ.

"ಕಟ್ಟದಿದ್ದರೆ ಜೈಲಿಗೆ ಹಾಕಿಸ್ತೀವಿ" ಅನ್ನುವ ಬೆದರಿಕೆಗೆ ಹೆದರಬೇಡಿ. ಕಂತು ಕಟ್ಟಲಾಗದಿರುವುದು ಅಪರಾಧವಲ್ಲ, ಸಿವಿಲ್ ವಿಷಯ. ಚೆಕ್ ಕೊಟ್ಟಿದ್ದರೆ ಮಾತ್ರ ಹುಷಾರು: ಅದು ಬೌನ್ಸ್ ಆಗಿ ನೋಟಿಸ್ ಬಂದರೆ ಕೈಸೇರಿದ 15 ದಿನದೊಳಗೆ ಹಣ ಕಟ್ಟಬೇಕು, ಇಲ್ಲದಿದ್ದರೆ ಚೆಕ್ ಬೌನ್ಸಿಗಿರುವ 138ನೇ ಸೆಕ್ಷನ್ನಿನ ಕ್ರಿಮಿನಲ್ ಕೇಸು. ನೋಟಿಸನ್ನು ವಾಪಸ್ ಕಳಿಸದೆ ಬಿಡಿಸಿಕೊಂಡು, ಅದೇ ವಾರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತನ್ನಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರು ಉಚಿತ, ಫೋನ್ 15100.